ಸೈಕಾಲಜಿ ಓದಲು: ಬಿಎ ಇಲ್ಲ ಬಿಎಸ್ಸಿ?

ಪಿಯುಸಿ ಮುಗಿಸಿದ ಅಕ್ಕನ ಮಗಳು ಫೋನ್ ಮಾಡಿದ್ದಳು. "ಚಿಕ್ಕಮ್ಮ, ಸೈಕಾಲಜಿ ಓದ್ಬೇಕು. ಯಾವುದಕ್ಕೆ ಸೇರಲಿ?"

ಬಿಎ, ಬಿಎಸ್ಸಿ ಎರಡರಲ್ಲೂ ಮೂಲ ಪಾಠ ಹೆಚ್ಚುಕಡಿಮೆ ಒಂದೇ: ಕಲಿಕೆ, ನೆನಪು, ವ್ಯಕ್ತಿತ್ವ, ಮಾನಸಿಕ ಕಾಯಿಲೆಗಳು. ಸ್ಟಾಟಿಸ್ಟಿಕ್ಸ್ ಎಲ್ಲೂ ಬಿಡುವುದಿಲ್ಲ. ಲೆಕ್ಕಕ್ಕೆ ಹೆದರಿ ಬಿಎ ಹಿಡಿದವರು ಅಲ್ಲೇ ಸಿಕ್ಕಿಬೀಳುತ್ತಾರೆ!

ವ್ಯತ್ಯಾಸ ಇರುವುದು ಜೊತೆಗೆ ಬರುವ ವಿಷಯಗಳಲ್ಲಿ. ಬಿಎಯಲ್ಲಿ ಸಮಾಜಶಾಸ್ತ್ರ, ಪತ್ರಿಕೋದ್ಯಮದಂಥವು ಸಿಗುತ್ತವೆ. ಮುಂದೆ ಸಮಾಜಕಾರ್ಯ, ಎಚ್‌ಆರ್ ಕಡೆ ಹೋಗುವ ಮನಸ್ಸಿದ್ದರೆ ಇದು ಒಳ್ಳೆಯದು. ಮೆದುಳು, ನರಮಂಡಲ ಅಂದರೆ ಕಣ್ಣರಳುತ್ತದಾ? ಹಾಗಾದರೆ ಜೀವವಿಜ್ಞಾನ ಜೊತೆಗಿರುವ ಬಿಎಸ್ಸಿ ನೋಡಿ. ಕೆಲವು ಕಾಲೇಜುಗಳು ಪಿಯುಸಿಯಲ್ಲಿ ಸೈನ್ಸ್ ಕೇಳುತ್ತವೆ, ಮೊದಲೇ ವಿಚಾರಿಸಿ.

ಖರ್ಚಿನಲ್ಲಿ ಸರ್ಕಾರಿ ಕಾಲೇಜು ಹಗುರ. ಕೆಲಸ ಮಾಡಿಕೊಂಡು ಓದುವವರಿಗೆ ದೂರಶಿಕ್ಷಣದ ಇಗ್ನೋ ವರವಾಗಿತ್ತು, ಆದರೆ ದೂರಶಿಕ್ಷಣದಲ್ಲಿ ಸೈಕಾಲಜಿಗೆ ಹೊಸ ಪ್ರವೇಶವನ್ನು ಯುಜಿಸಿ 2025ರಲ್ಲಿ ನಿಲ್ಲಿಸಿತು. ಪಿಯುಸಿ ಮುಗಿಸಿ ನೇರ ಬಂದ ಹುಡುಗರಿಗೆ ನಾನು ಆಗಲೂ ಅದನ್ನು ಅಷ್ಟು ಹೇಳುತ್ತಿರಲಿಲ್ಲ. ಲ್ಯಾಬಿನಲ್ಲಿ ಗೆಳೆಯರ ಮೇಲೆಯೇ ನೆನಪಿನ ಪರೀಕ್ಷೆ ಮಾಡಿ, ನಕ್ಕು, ರೆಕಾರ್ಡ್ ಬರೆಯುವ ದಿನನಿತ್ಯದ ಅಭ್ಯಾಸ ಮನೆಯಲ್ಲಿ ಕೂತರೆ ಬರಲ್ಲ ಅಲ್ವಾ?

ಇನ್ನೊಂದು ಮಾತು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಈ ಎರಡರಲ್ಲಿ ಯಾವ ಡಿಗ್ರಿಯೂ ಸಾಲದು. ಅದರ ಮೇಲೆ ಭಾರತೀಯ ಪುನರ್ವಸತಿ ಮಂಡಳಿ ಒಪ್ಪಿದ ತರಬೇತಿ ಮುಗಿಸಿ ಹೆಸರು ನೋಂದಾಯಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಅಷ್ಟು ವರ್ಷ ಓದುವ ತಾಳ್ಮೆ ಇಲ್ಲದಿದ್ದರೆ, ಡಿಗ್ರಿ ಮುಗಿದೊಡನೆ ಕೆಲಸಕ್ಕೆ ಬರುವ ಜೋಡಿ ವಿಷಯವಿರುವ ಬಿಎ ವಾಸಿ.