ಎರಡನೇ ಟರ್ಬೊ, 93,000 ಕಿ.ಮೀ.: ಸಿಂಥೆಟಿಕ್ ಆಯಿಲ್ ಬಗ್ಗೆ ನನ್ನ ಅನುಭವ

ನನ್ನ ಡೀಸೆಲ್ ಪಿಕಪ್‌ನ ಮೊದಲ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) 94,000 ಕಿ.ಮೀ.ಗೆ ಹೋಯಿತು. 2019ರ ಏಪ್ರಿಲ್. ತಿಕೋಟಾದಿಂದ ಒಣದ್ರಾಕ್ಷಿ ತುಂಬಿಕೊಂಡು ತಾಸಗಾಂವ್ ಮಾರುಕಟ್ಟೆಗೆ ಹೊರಟಿದ್ದೆ. ಜತ್ ದಾಟಿದ ಮೇಲೆ ಗಾಡಿ ಎಳೆಯುವುದನ್ನೇ ಬಿಟ್ಟಿತು. ಹಿಂದೆ ನೀಲಿ ಹೊಗೆ, ಮುಂದೆ ಸೀಟಿ ಹೊಡೆದ ಹಾಗೆ ಸದ್ದು. ಮಾಲನ್ನು ಬೇರೆ ಗಾಡಿಗೆ ಹಾಕಿ, ನನ್ನದನ್ನು ವಿಜಯಪುರಕ್ಕೆ ಎಳೆಸಿಕೊಂಡು ಬಂದೆ.

ಮೇಸ್ತ್ರಿ ಟರ್ಬೊಗೆ ಎಣ್ಣೆ ಹೋಗುವ ಸಣ್ಣ ಪೈಪ್ ಬಿಚ್ಚಿ, ಹಳೇ ಪೇಪರ್ ಮೇಲೆ ಬಡಿದರು. ಸಾಸಿವೆ ಕಾಳಿನಷ್ಟು ಕರಿ ಚೂರುಗಳು ಉದುರಿದವು. ಬೆರಳಲ್ಲಿ ಉಜ್ಜಿದರೆ ಮರಳಿನ ಹಾಗೆ ಗರಗರ. "ಎಣ್ಣಿ ಸುಟ್ಟು ಕಲ್ಲಾಗ್ಯದ ನೋಡ್ರಿ. ಟರ್ಬೊಕ್ಕ ಎಣ್ಣೀನ ಹೋಗಿಲ್ಲ" ಅಂದರು.

ತಪ್ಪು ನನ್ನದೇ. ಸಾದಾ 15ಡಬ್ಲ್ಯು-40 (ಎಣ್ಣೆ ಎಷ್ಟು ದಪ್ಪ ಅಂತ ಹೇಳುವ ಗ್ರೇಡ್) ಮಿನರಲ್ ಆಯಿಲ್ ಹಾಕಿಸುತ್ತಿದ್ದೆ, ಸೀಸನ್ನಿನಲ್ಲಿ ಬದಲಿಸುವುದನ್ನು ಮುಂದಕ್ಕೆ ಹಾಕುತ್ತಿದ್ದೆ. ಅದಕ್ಕಿಂತ ಜಾಸ್ತಿ ಹಾಳು ಮಾಡಿದ್ದು ಇನ್ನೊಂದು ಅಭ್ಯಾಸ. ಲೋಡ್ ಗಾಡಿಯನ್ನು ಏಕ್‌ದಂ ಓಡಿಸಿಕೊಂಡು ಬಂದು, ಚಹಾದ ಅಂಗಡಿ ಕಂಡ ತಕ್ಷಣ ಕೀ ತಿರುಗಿಸಿ ಇಳಿದುಬಿಡುತ್ತಿದ್ದೆ.

ಟರ್ಬೊಗೆ ಕಷ್ಟ ಶುರುವಾಗುವುದೇ ಆಗ. ಅದರ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಬೇರಿಂಗ್‌ನಲ್ಲಿ ಅದನ್ನು ತೇಲಿಸಿ ಹಿಡಿಯುವುದು ಎಣ್ಣೆಯ ತೆಳು ಪದರ ಮಾತ್ರ. ಒಂದು ಪಕ್ಕದಲ್ಲಿ ಸೈಲೆನ್ಸರ್ ಕಡೆ ಹೋಗುವ ಬಿಸಿ ಗಾಳಿ, ಲೋಡ್ ಇದ್ದಾಗ 600-700 ಡಿಗ್ರಿ. ಎಂಜಿನ್ ಓಡುವ ತನಕ ಹೊಸ ಎಣ್ಣೆ ಬಂದು ಬಿಸಿಯನ್ನು ಒಯ್ಯುತ್ತಿರುತ್ತದೆ. ಎಂಜಿನ್ ನಿಂತರೆ ಆಯಿಲ್ ಪಂಪೂ ನಿಂತಿತು. ಒಳಗೆ ಉಳಿದ ಎಣ್ಣೆ ಅಲ್ಲೇ ಬೇಯುತ್ತದೆ. ರೊಟ್ಟಿ ಮುಗಿದ ಮೇಲೆ ಒಲೆ ಆರಿಸಿದರೂ ಹಂಚು ಸುಡುತ್ತಲೇ ಇರುತ್ತದೆ ಅಲ್ವಾ, ಅದರ ಮೇಲೆ ಒಂದು ಹನಿ ಎಣ್ಣೆ ಬಿದ್ದರೆ ಕರಿ ಪೊರೆ ಕಟ್ಟುತ್ತದೆ. ಹಾಗೇ.

ಹೊಸ ಟರ್ಬೊ ಹಾಕಿಸುವಾಗ ಎಣ್ಣೆ ಪೈಪನ್ನೂ ಹೊಸದು ಹಾಕಿಸಿದೆ. ಹಳೇ ಪೈಪ್ ಬಿಟ್ಟಿದ್ದರೆ ಅದೇ ಕಸ ಹೊಸ ಬೇರಿಂಗ್ ತಿನ್ನುತ್ತಿತ್ತು. ಅಂದಿನಿಂದ ಫುಲ್ ಸಿಂಥೆಟಿಕ್ 5ಡಬ್ಲ್ಯು-30, ಪ್ರತಿ 10,000 ಕಿ.ಮೀ.ಗೆ ಫಿಲ್ಟರ್ ಸಮೇತ ಬದಲು. ಇವತ್ತು ಮೀಟರ್ 1,87,000 ತೋರಿಸುತ್ತಿದೆ. ಮೊದಲನೆಯದು ಸಾಯುವಾಗ ಓಡಿದ್ದ ದೂರವನ್ನು ಹೆಚ್ಚುಕಮ್ಮಿ ಇದೂ ಓಡಿದೆ.

ಹೋದ ತಿಂಗಳು ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವ ಭಾಗ) ತೊಳೆಯಲು ಪೈಪ್‌ಗಳನ್ನು ಬಿಚ್ಚಿದ್ದರು. ನಾನೇ ಕೈ ಹಾಕಿ ನೋಡಿದೆ. ಶಾಫ್ಟಿನ ತುದಿಯ ನಟ್ ಹಿಡಿದು ಅಲ್ಲಾಡಿಸಿದರೆ ಪಕ್ಕಕ್ಕೆ ಒಂದು ಚೂರು ಆಟ ಇತ್ತು. ಅದು ಇರಲೇಬೇಕು, ಎಣ್ಣೆ ನಿಲ್ಲುವುದೇ ಆ ಜಾಗದಲ್ಲಿ. ಹಿಂದೆ ಮುಂದೆ ಎಳೆದರೆ ಕೈಗೆ ಆಟವೇ ಸಿಗಲಿಲ್ಲ. ಗಾಳಿ ತಳ್ಳುವ ಚಕ್ರದ ರೆಕ್ಕೆಗಳು ಟರ್ಬೊದ ಒಳಗೋಡೆಗೆ ಉಜ್ಜಿದ ಗುರುತಿಲ್ಲ. ಎಣ್ಣೆ ಪೈಪಿನ ಬೋಲ್ಟ್ ಬಿಚ್ಚಿಸಿದೆ. ಒಳಗೆ ಚಹಾದ ಕಲೆಯಂಥ ತೆಳು ಕಂದು ಬಣ್ಣ, ಅಷ್ಟೇ. ಪೇಪರ್ ಮೇಲೆ ಬಡಿದೆ, ಒಂದು ಚೂರೂ ಬೀಳಲಿಲ್ಲ. ಆ ಪೇಪರ್ ನೋಡಿ ನನಗಾದ ಸಮಾಧಾನ ಹೇಳತೀರದು.

ಎಲ್ಲ ಶ್ರೇಯ ಎಣ್ಣೆಗೇ ಕೊಟ್ಟರೆ ತಪ್ಪಾಗುತ್ತದೆ. ನಾನೂ ಬದಲಾಗಿದ್ದೇನೆ. ಊರು ಬರುವ ಮುಂಚೆ ಕೊನೆಯ ಎರಡು ಕಿಲೋಮೀಟರ್ ನಿಧಾನ ಓಡಿಸುತ್ತೇನೆ, ನಿಂತ ಮೇಲೆ ಒಂದೆರಡು ನಿಮಿಷ ಎಂಜಿನ್ ಸುಮ್ನೆ ಓಡಲು ಬಿಡುತ್ತೇನೆ. ಸಿಂಥೆಟಿಕ್ ಆಯಿಲ್ ಬಿಸಿಗೆ ಬೇಗ ಕೆಡುವುದಿಲ್ಲ, ಕಮ್ಮಿ ಆವಿಯಾಗುತ್ತದೆ, ಪೊರೆ ಕಮ್ಮಿ ಕಟ್ಟುತ್ತದೆ. ಆದರೆ ಪೊರೆಯೇ ಕಟ್ಟುವುದಿಲ್ಲ ಅಂತಲ್ಲ. ಅವಸರದ ದಿನ ನಾನು ಮರೆತರೆ ನನ್ನ ತಪ್ಪನ್ನು ಅದು ತಡೆದುಕೊಳ್ಳುತ್ತದೆ. ನಾನು ದುಡ್ಡು ಕೊಡುವುದು ಅದಕ್ಕೇ.

ಮೈಲೇಜ್ ಹೆಚ್ಚಿಲ್ಲ. ಚಳಿಗೆ ಬೇಗ ಹರಿಯುತ್ತದೆ ಅನ್ನುವುದು ನಿಜ, ಆದರೆ ನಮ್ಮ ವಿಜಯಪುರದಲ್ಲಿ ಅಂಥ ಚಳಿ ಎಲ್ಲಿದೆ? ಬೆಲೆ ಮಿನರಲ್‌ಗಿಂತ ಎರಡು ಪಟ್ಟು ಹತ್ತಿರ. ಸ್ವಲ್ಪ ದಿನಕ್ಕೇ ಕಪ್ಪಾಗುತ್ತದೆ. ಹೆದರಬೇಡಿ, ಡೀಸೆಲ್ ಮಸಿಯನ್ನು ಎಣ್ಣೆ ಹಿಡಿದಿಟ್ಟುಕೊಳ್ಳುವುದೇ ಹಾಗೆ. ಧೂಳಿಗೆ ಮಾತ್ರ ಯಾವ ಎಣ್ಣೆಯೂ ಔಷಧವಲ್ಲ. ನಮ್ಮ ಎರೆಮಣ್ಣಿನ ಹೊಲದ ದಾರಿಯಲ್ಲಿ ಏರ್ ಫಿಲ್ಟರ್ ಹರಿದಿದ್ದರೆ ರೆಕ್ಕೆಗಳು ಸವೆದೇ ಸವೆಯುತ್ತವೆ.

2020ರ ನಂತರದ ಬಿಎಸ್6 (ಹೊಗೆ ಮಾಲಿನ್ಯದ ಹೊಸ ನಿಯಮದ) ಡೀಸೆಲ್ ಗಾಡಿ ಇದ್ದವರು ನನ್ನ ಗ್ರೇಡ್ ನೋಡಿ ಹಾಕಿಸಬೇಡಿ. ನನ್ನದು ಬಿಎಸ್4. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಗಾಡಿಗೆ ಬೂದಿ ಕಮ್ಮಿ ಬಿಡುವ ಎಣ್ಣೆಯೇ ಬೇಕು, ಇಲ್ಲದಿದ್ದರೆ ಡಿಪಿಎಫ್ ಕಟ್ಟಿಕೊಳ್ಳುತ್ತದೆ. ಮ್ಯಾನ್ಯುವಲ್‌ನಲ್ಲಿ ಯಾವ ದರ್ಜೆ ಬರೆದಿದೆಯೋ ಅದೇ ಅಕ್ಷರ, ಅದೇ ಅಂಕಿ ಕ್ಯಾನ್ ಮೇಲೆ ಇರಬೇಕು.

ಎಣ್ಣೆ ಹಾಕುವಾಗ ಎದುರಿಗೇ ನಿಲ್ಲಿ, ಸೀಲ್ ನಿಮ್ಮ ಕಣ್ಣ ಮುಂದೆ ಒಡೆಯಲಿ. ಖಾಲಿ ಕ್ಯಾನ್‌ಗಳಲ್ಲಿ ನಕಲಿ ಎಣ್ಣೆ ತುಂಬಿ ಮಾರುತ್ತಾರೆ. ಅದಕ್ಕೇ ನಾನು ಪ್ರತಿ ಸಲ ಖಾಲಿ ಕ್ಯಾನ್‌ಗೆ ಸ್ಕ್ರೂಡ್ರೈವರ್‌ನಿಂದ ತೂತು ಹೊಡೆದು ಮೇಸ್ತ್ರಿ ಕೈಗೆ ಕೊಟ್ಟು ಬರುತ್ತೇನೆ.