ಏಜ್ ಆಫ್ ಎಂಪೈರ್ಸ್ 2 ಡೆಫಿನಿಟಿವ್ ಎಡಿಷನ್: ಕಂಪ್ಯೂಟರ್ ಜೊತೆ ಆಡೋರಿಗೋಸ್ಕರ ಒಂದು ರಿವ್ಯೂ

ಈ ಗೇಮ್ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಮನಸ್ಸಲ್ಲಿತ್ತು. ಊರು ಕಟ್ಟಿ, ಆಹಾರ, ಮರ, ಚಿನ್ನ, ಕಲ್ಲು ಕೂಡಿಟ್ಟು, ಸೈನ್ಯ ಮಾಡಿ ಎದುರಾಳಿನ ಸೋಲಿಸೋ ಸ್ಟ್ರಾಟಜಿ ಗೇಮ್ ಇದು. ಗ್ರಾಫಿಕ್ಸು, ಮ್ಯೂಸಿಕ್ಕು, ಎಷ್ಟು ಸಿವಿಲೈಸೇಷನ್ (ನಾವು ಆರಿಸ್ಕೊಂಡು ಆಡೋ ಜನಾಂಗ) ಇದಾವೆ ಅನ್ನೋದನ್ನೆಲ್ಲ ಬೇರೆಯವರು ಬೇಕಾದಷ್ಟು ಬರ್ದಿದಾರೆ, ಅದಕ್ಕೇ ನಾನು ಒಂದೇ ವಿಷ್ಯ ಹಿಡ್ಕೊಂಡು ಬರೀತೀನಿ, ಕಂಪ್ಯೂಟರ್ ಎದುರು ಆಡೋದು. ಆನ್‌ಲೈನಲ್ಲಿ ಗುರುತಿಲ್ಲದೋರ ಜೊತೆ ಆಡೋಕೆ ಪುರುಸೊತ್ತಿಲ್ಲದೋರು, ಮಗು ಎದ್ದು ಅತ್ರೆ ಪಾಸ್ ಒತ್ತಿ ಓಡಬೇಕಾದೋರು, ರಾತ್ರಿ ಹತ್ತೂವರೆ ಮೇಲೆ ಒಂದು ಗಂಟೆ ಸಿಕ್ರೆ ಅದೇ ದೊಡ್ಡದು ಅನ್ನೋರು, ನಾವೂ ತುಂಬಾ ಜನ ಇದೀವಿ. ನಮಗೆ ಗೇಮ್ ಅಂದ್ರೆ ಎದುರಿಗಿರೋ ಎಐ ನೇ, ಅಂದ್ರೆ ಎದುರಾಳಿಯಾಗಿ ಆಡೋ ಕಂಪ್ಯೂಟರ್ರು, ಅದು ಸರಿಯಿಲ್ಲ ಅಂದ್ರೆ ಉಳಿದಿದ್ದು ಎಷ್ಟು ಚಂದ ಇದ್ರೂ ನಮಗೆ ಉಪಯೋಗ ಇಲ್ಲ.

ಮೂಲ ಗೇಮ್ ಬಂದಿದ್ದು 1999 ರಲ್ಲಿ. ನಾನು ನೋಡಿದ್ದು ಅದಾದ್ಮೇಲೆ ಕೆಲವು ವರ್ಷಕ್ಕೆ, ಹಾಸನದಲ್ಲಿ ಬಸ್ ಸ್ಟ್ಯಾಂಡ್ ಹತ್ರದ ಒಂದು ಸೈಬರ್ ಸೆಂಟರಲ್ಲಿ, ಚಿಕ್ಕಪ್ಪನ ಮಗ ಆಡ್ತಿದ್ದ, ನಾನು ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ನೋಡ್ತಿದ್ದೆ. ಆಗ ಹಾರ್ಡೆಸ್ಟ್, ಅಂದ್ರೆ ಅತಿ ಕಷ್ಟದ ಲೆವೆಲ್ ಇಟ್ರೆ ಕಂಪ್ಯೂಟರ್ ನಮ್ಮನ್ನ ಪುಡಿ ಮಾಡ್ತಿತ್ತು, ಅದು ಹೇಗೆ ಅಷ್ಟು ಬೇಗ ಅಷ್ಟು ಸೈನ್ಯ ಮಾಡುತ್ತೆ ಅಂತ ಅರ್ಥನೇ ಆಗ್ತಿರ್ಲಿಲ್ಲ. ಆಮೇಲೆ ಗೊತ್ತಾಗಿದ್ದು ಏನಂದ್ರೆ ಆ ಹಳೇ ವರ್ಷನ್ನಲ್ಲಿ ಹಾರ್ಡೆಸ್ಟ್ ಲೆವೆಲ್ ಕಂಪ್ಯೂಟರ್‌ಗೆ ಪುಕ್ಕಟೆ ರಿಸೋರ್ಸ್ ಸಿಗ್ತಿತ್ತು ಅಂತ. ನಾವು ಮರ ಕಡಿದು ಕಡಿದು ಸಾಯ್ತಿದ್ವಿ, ಅದರ ಮನೆಗೆ ಸೌದೆ ತಾನಾಗೇ ಬಂದು ಬೀಳ್ತಿತ್ತು. ಅವತ್ತು ನನಗೆ ನಿಜವಾಗ್ಲೂ ಬೇಜಾರಾಯ್ತು, ಸೋತಿದ್ದಕ್ಕಲ್ಲ, ಆ ಸೋಲಿಂದ ಕಲಿಯೋಕೆ ಏನೂ ಇರ್ಲಿಲ್ವಲ್ಲ ಅಂತ.

ಅದೇ ಗೇಮ್‌ನ ಹೊಸ ರೂಪ ಡೆಫಿನಿಟಿವ್ ಎಡಿಷನ್ ಬಂದಿದ್ದು 2019 ನವೆಂಬರಲ್ಲಿ, ಅದರಲ್ಲಿ ಎಐ ನ ಹೊಸದಾಗಿ ಮಾಡಿದ್ರು. ಆರು ಲೆವೆಲ್ ಇದಾವೆ, ಈಸಿಯೆಸ್ಟ್, ಸ್ಟ್ಯಾಂಡರ್ಡ್, ಮಾಡರೇಟ್, ಹಾರ್ಡ್, ಹಾರ್ಡೆಸ್ಟ್, ಎಕ್ಸ್‌ಟ್ರೀಮ್. ಮುಖ್ಯ ವಿಷ್ಯ ಏನಂದ್ರೆ ಎಕ್ಸ್‌ಟ್ರೀಮ್ ಕೂಡ ಚೀಟ್ ಮಾಡಲ್ಲ. ನಮಗೆ ಹೇಗೆ 3 ವಿಲೇಜರ್ (ಕೆಲಸ ಮಾಡೋ ಊರಿನ ಜನ), ಮ್ಯಾಪ್ ಸುತ್ತಿ ನೋಡೋಕೆ ಒಂದು ಸ್ಕೌಟ್ ಕುದುರೆ, 200 ಆಹಾರ, 200 ಮರ, 100 ಚಿನ್ನ, 200 ಕಲ್ಲು ಕೊಡ್ತಾರೋ ಅದಕ್ಕೂ ಅಷ್ಟೇ. ಮೇಲಿನ ಲೆವೆಲ್ ಅಂದ್ರೆ ಅದು ಹೆಚ್ಚು ಅಚ್ಚುಕಟ್ಟಾಗಿ ಆಡುತ್ತೆ, ಕೆಳಗಿನ ಲೆವೆಲ್ ಅಂದ್ರೆ ಬೇಕಂತಲೇ ನಿಧಾನ ಮಾಡುತ್ತೆ, ಅಷ್ಟೇ ವ್ಯತ್ಯಾಸ. ಹಳೇ ಎಐ ನೂ ಬಿಸಾಕಿಲ್ಲ, ಮ್ಯಾಚ್ ಶುರು ಮಾಡೋವಾಗ ಹಳೇ ಸಿಡಿ ಕಾಲದ ಎಐ ಬೇಕು ಅಂದ್ರೆ ಅದನ್ನೂ ಆರಿಸ್ಕೋಬಹುದು, ಎರಡನ್ನೂ ಒಂದಕ್ಕೊಂದು ಬಿಟ್ಟು ನೋಡಿ, ಇಪ್ಪತ್ತು ವರ್ಷದ ಅಂತರ ಕಣ್ಣಿಗೆ ಕಾಣುತ್ತೆ.

ಇದು ಎಲ್ಲಾ ಸ್ಟ್ರಾಟಜಿ ಗೇಮಲ್ಲೂ ಹೀಗಿಲ್ಲ. ಸಿವಿಲೈಸೇಷನ್ 6 ಅನ್ನೋ ಗೇಮಲ್ಲಿ ಎಂಟು ಲೆವೆಲ್ ಇದಾವೆ, ಪ್ರಿನ್ಸ್ ಅನ್ನೋದು ಸಮಬಲ, ಅದರ ಮೇಲೆ ಹೋದಂಗೆಲ್ಲ ಕಂಪ್ಯೂಟರ್‌ಗೆ ಬೋನಸ್ ಹೆಚ್ಚಾಗ್ತಾ ಹೋಗುತ್ತೆ, ಕೊನೇದು ಡೀಟಿ, ಅಲ್ಲಿ ನಾವು ಒಂದು ಸೆಟ್ಲರ್ (ಹೊಸ ಊರು ಹುಟ್ಟಿಸೋನು) ಇಟ್ಕೊಂಡು ಶುರು ಮಾಡಿದ್ರೆ ಅವರು ಮೂರು ಇಟ್ಕೊಂಡು ಶುರು ಮಾಡ್ತಾರೆ. ಹಿಂದೆ ಬಿದ್ದ ಜಾಗದಿಂದ ಹತ್ತಿ ಬರೋದೇ ಅಲ್ಲಿನ ಆಟ, ಅದಕ್ಕೂ ಅದರದೇ ರುಚಿ ಇದೆ, ಇಷ್ಟಪಡೋರು ಬೇಕಾದಷ್ಟು ಜನ ಇದಾರೆ. ಸ್ಟಾರ್‌ಕ್ರಾಫ್ಟ್ 2 ಅಂತೂ ಮೇಲಿನ ಮೂರು ಲೆವೆಲ್‌ಗೆ ಚೀಟರ್ ಅಂತಲೇ ಹೆಸರಿಟ್ಟಿದೆ, ಆ ಪ್ರಾಮಾಣಿಕತೆ ನನಗೆ ಹಿಡಿಸ್ತು. ಆದ್ರೆ ನನಗೆ ಬೇಕಾಗಿದ್ದು ನನ್ನಷ್ಟೇ ಬಂಡವಾಳ ಇಟ್ಕೊಂಡು ನನಗಿಂತ ಚೆನ್ನಾಗಿ ಸಂಸಾರ ನಡೆಸೋ ಎದುರಾಳಿ, ಅದು ಸಿಕ್ಕಿದ್ದು ಇಲ್ಲೇ.

ಈಗ ಅಸಲಿ ವಿಷ್ಯಕ್ಕೆ ಬರ್ತೀನಿ. ಮಾಡರೇಟ್ ತನಕ ಎಲ್ರೂ ಗೆಲ್ತಾರೆ, ಹಾರ್ಡ್ ಇಟ್ಟ ತಕ್ಷಣ ಹೊಡೆತ ತಿಂತಾರೆ, ಎಲ್ಲಿ ತಪ್ಪಾಯ್ತು ಅಂತ ಯುದ್ಧದಲ್ಲಿ ಹುಡುಕ್ತಾರೆ. ನಾನೂ ವರ್ಷಗಟ್ಲೆ ಹಾಗೇ ಹುಡುಕಿದ್ದು. ಈಟಿ ಹೆಚ್ಚು ಮಾಡ್ಬೇಕಿತ್ತಾ, ಗೋಡೆ ಕಟ್ಬೇಕಿತ್ತಾ ಅಂತ. ಒಂದಿನ ಅಣ್ಣ, ಅದೇ ಚಿಕ್ಕಪ್ಪನ ಮಗ, ನನ್ನ ಸ್ಕ್ರೀನ್ ನೋಡ್ತಾ ಕೂತಿದ್ದೋನು ಹೇಳ್ದ, "ಲೋ, ಸೈನ್ಯ ಆಮೇಲೆ ನೋಡೋ, ಟೌನ್ ಸೆಂಟರ್ ಖಾಲಿ ಕೂತಿದೆಯಲ್ಲೋ ಅಲ್ಲಿ" ಅಂತ. ನಾನು ಸ್ಕೌಟ್ ಹಿಂದೆ ಮ್ಯಾಪ್ ಪೂರ್ತಿ ಸುತ್ತಾಡ್ತಿದ್ದೆ, ಇತ್ತ ವಿಲೇಜರ್‌ಗಳನ್ನ ಹುಟ್ಟಿಸೋ ಆ ಟೌನ್ ಸೆಂಟರಲ್ಲಿ ಒಂದು ನಿಮಿಷದಿಂದ ಹೊಸ ವಿಲೇಜರ್ ಹುಟ್ಟಿರ್ಲಿಲ್ಲ.

ಲೆಕ್ಕ ನೋಡಿ. ಒಬ್ಬ ವಿಲೇಜರ್‌ಗೆ 50 ಆಹಾರ, 25 ಸೆಕೆಂಡು. ಶುರುವಿನ 3 ವಿಲೇಜರ್, 1 ಸ್ಕೌಟ್ ಸೇರಿ ಪಾಪ್ಯುಲೇಷನ್ 4. 22 ಕ್ಕೆ ಮುಟ್ಟಿಸಿ ಮುಂದಿನ ಕಾಲಘಟ್ಟ ಫ್ಯೂಡಲ್ ಏಜ್‌ಗೆ ಹೋಗೋ ಬಟನ್ ಒತ್ತಬೇಕು ಅಂದ್ರೆ ಇನ್ನೂ 18 ಜನ ಬೇಕು, ಅಂದ್ರೆ 450 ಸೆಕೆಂಡು. ವಿಲೇಜರ್‌ಗಳನ್ನ ಗಟ್ಟಿ ಮಾಡೋ ಲೂಮ್ ಅನ್ನೋ ಸುಧಾರಣೆಗೆ, ಅದೂ ಟೌನ್ ಸೆಂಟರಲ್ಲೇ ಆಗೋದು, ಇನ್ನೊಂದು 25. ಎಲ್ಲೂ ನಿಲ್ಲಿಸ್ದೆ ಹೋದ್ರೆ 7 ನಿಮಿಷ 55 ಸೆಕೆಂಡಿಗೆ ಬಟನ್ ಒತ್ತಬಹುದು, ಏಜ್ ಬದಲಾಗೋಕೆ 130 ಸೆಕೆಂಡ್ ಹಿಡಿಯುತ್ತೆ, ಹತ್ತು ನಿಮಿಷ ಐದು ಸೆಕೆಂಡಿಗೆ ನೀವು ಫ್ಯೂಡಲಲ್ಲಿ ಇರ್ತೀರ. ನನ್ನ ಹಳೇ ಆಟದಲ್ಲಿ ಅದು ಹದಿನಾಲ್ಕು ಹದಿನೈದು ನಿಮಿಷಕ್ಕೆ ಹೋಗ್ತಿತ್ತು. ಆ ನಾಲ್ಕೈದು ನಿಮಿಷ ಎಲ್ಲಿ ಹೋಯ್ತು? ಮನೆ ಕಟ್ಟೋದು ಮರ್ತು ಪಾಪ್ಯುಲೇಷನ್ ನಿಂತಿದ್ದು, ಆಹಾರ 50 ಇಲ್ದೇ ಕಾದಿದ್ದು, ಕಾಡುಹಂದಿ ತರೋಕೆ ಹೋದೋನು ಸತ್ತು ಗಾಬರಿಯಾಗಿದ್ದು, ಹೀಗೆ ಚೂರು ಚೂರೇ ಸೋರಿ ಹೋಗಿದ್ದು. ಒಂದ್ಸಲ 25 ಸೆಕೆಂಡ್ ಮರ್ತ್ರೆ ಹೋಗೋದು ಒಬ್ಬ ವಿಲೇಜರ್ ಮಾತ್ರ ಅಲ್ಲ, ಅವನು ಆಟ ಮುಗಿಯೋ ತನಕ ಕಡೀತಿದ್ದ ಮರ, ಆ ಮರದಿಂದ ಆಗ್ತಿದ್ದ ಹೊಲ, ಆ ಹೊಲದಿಂದ ಹುಟ್ತಿದ್ದ ಇನ್ನೊಬ್ಬ, ಚಕ್ರಬಡ್ಡಿ ಥರ ಬೆಳೀತಾ ಹೋಗುತ್ತೆ. ಕಂಪ್ಯೂಟರ್‌ಗೆ ಮರೆವಿಲ್ಲ, ಹಾರ್ಡ್‌ನಿಂದ ಮೇಲೆ ಅದರ ಶಕ್ತಿ ಅಂದ್ರೆ ಮೊದಲು ಇದು, ಆಮೇಲೆ ಯುದ್ಧ.

ಆಹಾರದ್ದೂ ಹೀಗೇ. ಅರೇಬಿಯಾ ಮ್ಯಾಪಲ್ಲಿ ಎಂಟು ಕುರಿ ಸಿಗುತ್ವೆ, ಒಂದೊಂದರಲ್ಲಿ 100 ಆಹಾರ, ಎರಡು ಕಾಡುಹಂದಿ, ಒಂದೊಂದು 340. ಹಂದಿಗೆ ಬಾಣ ಬಿಟ್ಟು ಟೌನ್ ಸೆಂಟರ್ ತನಕ ಓಡಿಸ್ಕೊಂಡು ಬಂದು ಅಲ್ಲಿ ಎಲ್ರೂ ಸೇರಿ ಹೊಡೀಬೇಕು. ಹೊಸಬ್ರು ಇದಕ್ಕೆ ಹೆದ್ರಿ ಶುರುವಲ್ಲೇ ಹೊಲ ಹಾಕ್ತಾರೆ, ಹೊಲಕ್ಕೆ ಮರ ಖರ್ಚು, ಮರ ಹೊಲಕ್ಕೆ ಹೋದ್ರೆ ಮನೆಗಿಲ್ಲ, ಮನೆ ಇಲ್ಲ ಅಂದ್ರೆ ಜನ ಇಲ್ಲ, ಅಲ್ಲಿಗೆ ಗಾಡಿ ನಿಲ್ತು. ಎರಡು ಹಂದಿ ಸರಿಯಾಗಿ ತರೋದು ಕಲಿತ ವಾರದಲ್ಲೇ ನಾನು ಹಾರ್ಡ್ ಮೇಲೆ ಮೊದಲನೇ ಸಲ ಗೆದ್ದೆ.

ಇನ್ನೊಂದು ವಿಷ್ಯ ತುಂಬಾ ಜನ ಗಮನಿಸಲ್ಲ, ನನಗೆ ಇದರಿಂದ ತುಂಬಾ ಸಹಾಯ ಆಯ್ತು. ಸ್ಪೀಡ್ ಸೆಟ್ಟಿಂಗು. ಸ್ಲೋ ಅಂದ್ರೆ 1.0, ನಾರ್ಮಲ್ ಅಂದ್ರೆ 1.7, ಅಂದ್ರೆ ಮೇಲೆ ಹೇಳಿದ ಆ ಹತ್ತು ನಿಮಿಷ ನಾರ್ಮಲಲ್ಲಿ ನಮ್ಮ ಗೋಡೆ ಗಡಿಯಾರದಲ್ಲಿ ಆರು ನಿಮಿಷನೂ ಇರಲ್ಲ. ಕಂಪ್ಯೂಟರ್ ಆಟದ ಗಡಿಯಾರದಲ್ಲಿ ಬದುಕುತ್ತೆ, ಸ್ಪೀಡ್ ಎಷ್ಟಿದ್ರೂ ಅದಕ್ಕೆ ಒಂದೇ, ಅವಸರ ಆಗೋದು ನಮ್ಮ ಕೈಗೆ ಮಾತ್ರ. ಅದಕ್ಕೇ ಹಾರ್ಡಲ್ಲಿ ಸೋಲ್ತಿದ್ರೆ ಮಾಡರೇಟ್‌ಗೆ ವಾಪಸ್ ಹೋಗ್ಬೇಡಿ ಅಂತ ನಾನು ಕಂಡೋರಿಗೆಲ್ಲ ಹೇಳ್ತೀನಿ, ಲೆವೆಲ್ ಅಲ್ಲೇ ಇರ್ಲಿ, ಸ್ಪೀಡ್ 1.0 ಗೆ ಇಳಿಸಿ. ಎದುರಾಳಿ ಅದೇ ಅಚ್ಚುಕಟ್ಟಲ್ಲಿ ಆಡುತ್ತೆ, ನಿಮಗೆ ಯೋಚನೆ ಮಾಡೋಕೆ ಟೈಮ್ ಸಿಗುತ್ತೆ, ಕೈ ಪಳಗಿದಂಗೆ ಸ್ಪೀಡ್ ಏರಿಸ್ಕೊಳ್ಳಿ. ಲೆವೆಲ್ ಇಳಿಸಿದ್ರೆ ಕೆಟ್ಟ ಅಭ್ಯಾಸಗಳು ಹಾಗೇ ಉಳೀತವೆ, ಯಾಕಂದ್ರೆ ಅಲ್ಲಿ ಅದಕ್ಕೆ ಶಿಕ್ಷೆ ಇಲ್ಲ.

ಗೇಮ್ ಒಳಗೇ ಸಹಾಯನೂ ಇದೆ. ಆರ್ಟ್ ಆಫ್ ವಾರ್ ಅಂತ ಪಾಠಗಳಿವೆ, ಅರ್ಲಿ ಎಕಾನಮಿ, ಫಾಸ್ಟ್ ಕ್ಯಾಸಲ್ ಏಜ್ (ಫ್ಯೂಡಲ್ ಆದ್ಮೇಲಿನ ಏಜ್‌ನ ಬೇಗ ಮುಟ್ಟೋದು), ಬೂಮಿಂಗ್ (ಜನ, ಆದಾಯ ಬೇಗ ಬೆಳೆಸೋದು) ಅಂತ, ಟೈಮ್ ನೋಡಿ ಕಂಚು ಬೆಳ್ಳಿ ಚಿನ್ನದ ಪದಕ ಕೊಡುತ್ತೆ. ಅರ್ಲಿ ಎಕಾನಮಿಲಿ ಚಿನ್ನ ಬರೋ ತನಕ ಬಿಡ್ಬೇಡಿ. ಹೊಲ ತಾನಾಗೇ ಮತ್ತೆ ಬಿತ್ತೋ ವ್ಯವಸ್ಥೆ, ಸ್ಕೌಟ್ ತಾನಾಗೇ ಸುತ್ತೋ ಬಟನ್, ಎಷ್ಟು ವಿಲೇಜರ್ ಸುಮ್ನೆ ನಿಂತಿದಾರೆ ಅನ್ನೋ ಲೆಕ್ಕ ಸ್ಕ್ರೀನ್ ಮೇಲೆ, ಇವೆಲ್ಲ ಹಳೇ ಗೇಮಲ್ಲಿ ನಮಗೆ ಇರ್ಲಿಲ್ಲ. ಆಟ ಮುಗಿದ ಮೇಲೆ ಬರೋ ಪಟ್ಟಿಲಿ ಯಾರು ಯಾವ ನಿಮಿಷಕ್ಕೆ ಯಾವ ಏಜ್ ಮುಟ್ಟಿದ್ರು ಅಂತ ಇರುತ್ತೆ, ಸೋತ ಸಿಟ್ಟಲ್ಲಿ ಅದನ್ನ ನೋಡ್ದೇ ಮುಚ್ಚಬೇಡಿ. ಎದುರಾಳಿ ಚೀಟ್ ಮಾಡಿಲ್ಲ ಅಂತ ಗೊತ್ತಿರೋದ್ರಿಂದ ಆ ನಿಮಿಷಗಳನ್ನ ನಂಬಬಹುದು.

ಕೊರತೆ ಹೇಳ್ಬೇಕಂದ್ರೆ ಮಾಡರೇಟ್‌ಗೂ ಹಾರ್ಡ್‌ಗೂ ನಡುವಿನ ಮೆಟ್ಟಿಲು ತೀರಾ ಎತ್ತರ ಆಯ್ತು. ಇಲ್ಲಿ ತಾಳ್ಮೆಯಿಂದ ಕಾಯೋ ಎದುರಾಳಿ, ಅಲ್ಲಿ ಫ್ಯೂಡಲಲ್ಲೇ ಮನೆ ಬಾಗಿಲಿಗೆ ಬಂದು ವಿಲೇಜರ್‌ಗಳನ್ನ ಹೊಡೆಯೋ ಎದುರಾಳಿ, ಮಧ್ಯ ಇನ್ನೊಂದು ಮೆಟ್ಟಿಲು ಬೇಕಿತ್ತು. ಆ ಮಧ್ಯದ ಹಂತಕ್ಕೆ ನಾನು ಬ್ಲ್ಯಾಕ್ ಫಾರೆಸ್ಟ್ ಮ್ಯಾಪ್ ಹೇಳ್ತೀನಿ, ಸುತ್ತ ದಟ್ಟ ಕಾಡು, ಕಿರಿದಾದ ದಾರಿಗಳಿಗೆ ಗೋಡೆ ಕಟ್ಟಿದ್ರೆ ಉಸಿರಾಡೋಕೆ ಟೈಮ್ ಸಿಗುತ್ತೆ. ಎಕ್ಸ್‌ಟ್ರೀಮಲ್ಲಿ ಮಾತ್ರ ನಮ್ಮಂಥೋರ ಕೈಗೆ ಆಗದ ಕೆಲಸ ಒಂದಿದೆ, ನಮ್ಮ ಮ್ಯಾಂಗೊನೆಲ್ (ಕಲ್ಲೆಸೆಯೋ ಯಂತ್ರ) ಎಸೆದ ಕಲ್ಲು ಬೀಳೋ ಮುಂಚೆ ಅದರ ಬಿಲ್ಲುಗಾರರು ಪಕ್ಕಕ್ಕೆ ಸರಿದು ಬಿಡ್ತಾರೆ. ರಿಸೋರ್ಸ್ ಸಮ ಇರಬಹುದು, ಬೆರಳು ಸಮ ಇಲ್ಲ, ಇದನ್ನ ಒಪ್ಕೊಂಡೇ ಆಡ್ಬೇಕು.

ನಾನು ಹೆಚ್ಚಾಗಿ ಆಡೋದು ದ್ರಾವಿಡಿಯನ್ಸ್ ಅನ್ನೋ ಸಿವಿಲೈಸೇಷನ್. 2022 ರ ಏಪ್ರಿಲಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ಅನ್ನೋ ಹೆಚ್ಚುವರಿ ಕಂತಿನ ಜೊತೆ ಬಂತು, ಉರುಮಿ ಬೀಸೋ ಸೈನಿಕರು ಅವರಿಗೆ ಮಾತ್ರ. ಪ್ರತಿ ಏಜ್ ದಾಟಿದಾಗ್ಲೂ 200 ಮರ ಸಿಗುತ್ತೆ, ಹಿಂದೆ ಬೀಳ್ತಿರೋರಿಗೆ ಆ ಮರ ದೊಡ್ಡ ಆಸರೆ. ನೈಟ್ ಅನ್ನೋ ಬಲವಾದ ಕುದುರೆ ಸವಾರರು ಇಲ್ಲ, ಅದಕ್ಕೆ ಹೊಸಬ್ರು ಮೊದಲು ಬೇರೆ ಸಿವಿಲೈಸೇಷನ್ ಕಲಿಯೋದು ಒಳ್ಳೇದು, ನಾನು ಅದನ್ನ ಬಿಡಲ್ಲ, ನಮ್ಮ ಕಡೆಯ ಆನೆ ಕತ್ತಿ ಸ್ಕ್ರೀನ್ ಮೇಲೆ ನೋಡೋ ಖುಷಿನೇ ಬೇರೆ.

ಅಣ್ಣ ಈಗ ಬೆಳಗಾವಿಲಿ ಇದಾನೆ, ನಾನು ಮೈಸೂರು. ಭಾನುವಾರ ರಾತ್ರಿ ಫೋನ್ ಕಿವಿಗೆ ಸಿಗಿಸ್ಕೊಂಡು ಇಬ್ರೂ ಒಂದೇ ಟೀಮಾಗಿ ಎರಡು ಎಕ್ಸ್‌ಟ್ರೀಮ್ ಎದುರು ಆಡ್ತೀವಿ. ಕಂಪ್ಯೂಟರನ್ನ ನಮ್ಮ ಕಡೆ ಸೇರಿಸ್ಕೊಂಡ್ರೂ ಚೆನ್ನಾಗಿರುತ್ತೆ, ಚಾಟಲ್ಲಿ 3 ಒತ್ತಿದ್ರೆ ಆಹಾರ ಕಳಿಸುತ್ತೆ, 4 ಒತ್ತಿದ್ರೆ ಮರ, 31 ಒತ್ತಿದ್ರೆ ದಾಳಿಗೆ ಹೊರಡುತ್ತೆ, ಆದ್ರೆ ನಮಗೆ ಇಬ್ರೇ ಆಡೋದು ಇಷ್ಟ. ಹೋದ ವಾರ ನಾನು ಫ್ಯೂಡಲ್ ಮುಟ್ಟಿದ್ದು 10 ನಿಮಿಷ 40 ಸೆಕೆಂಡಿಗೆ, ಅಣ್ಣ 10.20. ಕ್ಯಾಸಲ್ ಏಜಲ್ಲಿ ಎರಡನೇ ಟೌನ್ ಸೆಂಟರ್ ಹಾಕೋದು ನಾನು ತಡ ಮಾಡ್ದೆ, ಅಲ್ಲೇ ಸೋತ್ವಿ. "ಎರಡು ನಿಮಿಷ ಕಣೋ, ಎರಡೇ ನಿಮಿಷ" ಅಂದ ಅಣ್ಣ. ಬರೋ ಭಾನುವಾರಕ್ಕೆ ಮರಕ್ಕೆ ಇನ್ನಿಬ್ರು ಜನ ಜಾಸ್ತಿ ಹಾಕ್ತೀನಿ ಅಂತ ಹೇಳಿದೀನಿ.