60 ಎಚ್‌ಪಿ ಸಾಫ್ಟ್ ಸ್ಟಾರ್ಟರ್ ಹೆಸರಲ್ಲಿ 68 ಸಾವಿರ ಹೋಯ್ತು, ನೀವಾದ್ರೂ ಹುಷಾರಾಗಿರಿ

ರೈಸ್ ಮಿಲ್, ಆಲೆಮನೆ, ಕ್ರಷರ್ ನಡೆಸೋರು ಯಾರಿದ್ದರೂ ಓದಿ. ಬರೆಯೋಕೇ ನಾಚಿಕೆ ಆಗ್ತಿದೆ. ಮದ್ದೂರು ಹತ್ತಿರ ಹದಿನೆಂಟು ವರ್ಷದಿಂದ ಮಿಲ್ ನಡೆಸ್ತಿದ್ದೀನಿ, ನನ್ನ ತಲೆಗೇ ಟೋಪಿ ಹಾಕಿ ಹೋದ.

ಡಿಸೆಂಬರ್ ಕಡೇ ವಾರ. ಅಂಗಳದ ತುಂಬ ಭತ್ತದ ಮೂಟೆ, ಗೇಟಿನಾಚೆ ಇನ್ನೆರಡು ಟ್ರ್ಯಾಕ್ಟರ್. ಮೇನ್ ಮೋಟರ್ ಸ್ಟಾರ್ಟ್ ಆಗೋದು, ಸ್ಪೀಡ್ ಹಿಡಿಯೋದು, ಲೋಡ್ ಕೊಟ್ಟು ಐದು ನಿಮಿಷಕ್ಕೆ ಟ್ರಿಪ್. ಸಾಫ್ಟ್ ಸ್ಟಾರ್ಟರ್ (ದೊಡ್ಡ ಮೋಟರನ್ನ ನಿಧಾನಕ್ಕೆ ಸ್ಪೀಡ್‌ಗೆ ತರೋ ಪೆಟ್ಟಿಗೆ) ಡಿಸ್‌ಪ್ಲೇಲಿ ಓವರ್ ಟೆಂಪರೇಚರ್. ಆರೋಕೆ ಬಿಟ್ಟು ಮತ್ತೆ ಹಾಕಿದ್ರೆ ಮತ್ತದೇ. ನಮ್ಮ ವೈರ್‌ಮನ್ ಶಬರಿಮಲೆಗೆ ಹೋಗಿದ್ದರು. ಯಾರೋ ಮೈಸೂರಿನ ಒಬ್ಬನ ನಂಬರ್ ಕೊಟ್ಟರು, 'ಡ್ರೈವ್ ಸ್ಪೆಷಲಿಸ್ಟ್' ಅಂತೆ.

ಬಂದ. ಮೋಟರ್ ಕೇಬಲ್ ಮೂರೂ ಬಿಚ್ಚಿದ. ಮೇನ್ ಆನ್ ಇಟ್ಟು, ಸ್ಟಾರ್ಟ್ ಕೊಡದೆ, ಔಟ್‌ಪುಟ್ ಟರ್ಮಿನಲ್‌ಗೆ ಡಿಜಿಟಲ್ ಮೀಟರ್ ಹಿಡಿದ. 390 ವೋಲ್ಟ್. "ನೋಡಣ್ಣ, ಆಫ್ ಇದ್ರೂ ಕರೆಂಟ್ ದಾಟ್ಕೊಂಡ್ ಬರ್ತಿದೆ. ಎಸ್‌ಸಿಆರ್ ಮೂರೂ ಶಾರ್ಟ್. ಹೀಗೇ ಓಡಿಸಿದ್ರೆ ಮೋಟರೂ ಸುಟ್ಟೋಗತ್ತೆ." ಎಸ್‌ಸಿಆರ್ ಅಂದ್ರೆ ಸ್ಟಾರ್ಟರ್ ಒಳಗೆ ಮೋಟರ್‌ಗೆ ಕರೆಂಟ್ ಬಿಡೋ ಎಲೆಕ್ಟ್ರಾನಿಕ್ ಸ್ವಿಚ್. ಮೀಟರು ನನ್ನ ಕೈಗೇ ಕೊಟ್ಟ! ಕಣ್ಣಾರೆ ನೋಡಿದ ಮೇಲೆ ಇನ್ನೇನು ಕೇಳೋದು? ಇಲ್ಲೇ ನಾನು ಬಿದ್ದದ್ದು.

ಆಮೇಲೆ ಗೊತ್ತಾಗಿದ್ದು: ಎಸ್‌ಸಿಆರ್ ಚೆನ್ನಾಗಿದ್ದರೂ ಒಂಚೂರು ಲೀಕೇಜ್ ಇದ್ದೇ ಇರತ್ತೆ. ಮೋಟರ್ ಬಿಚ್ಚಿಟ್ಟರೆ ಡಿಜಿಟಲ್ ಮೀಟರ್ ಅದನ್ನೇ ಪೂರ್ತಿ ವೋಲ್ಟೇಜ್ ಥರ ತೋರಿಸತ್ತೆ. ಹೊಸ ಪೀಸಲ್ಲೂ ತೋರಿಸತ್ತೆ. ಅವನಿಗೆ ಗೊತ್ತಿರಲಿಲ್ಲ ಅಂದ್ರೆ ನಾನು ನಂಬಲ್ಲ. ಗೊತ್ತಿದ್ದೇ ಮಾಡಿದ.

"ಕಂಪ್ನಿ ಪೀಸ್, ಬಾಕ್ಸ್ ಮಾತ್ರ ಓಪನ್ ಆಗಿದೆ" ಅಂತ ಸಂಜೆಗೇ ಒಂದು ತಂದ. 74 ಸಾವಿರ, ಹಳೇದಕ್ಕೆ 6 ಸಾವಿರ ಕಳೆದು 68. ಬಿಲ್ ಕೇಳಿದ್ದಕ್ಕೆ "ಬಿಲ್ ಬೇಕಂದ್ರೆ ಜಿಎಸ್‌ಟಿ ಬೇರೆ ಆಗತ್ತಣ್ಣ" ಅಂದ. ಕೂರಿಸುವಾಗ ನೋಡ್ತೀನಿ, ಗಾಳಿ ಹೋಗೋ ಸಂದಿಯಲ್ಲಿ ಒಣಗಿದ ಕುಂಕುಮ. ಯಾರೋ ಆಯುಧಪೂಜೆ ಮಾಡಿದ್ದ ಪೀಸು! ಕಂಡೂ ಬಾಯಿ ಬಿಡಲಿಲ್ಲ. ಟ್ರ್ಯಾಕ್ಟರ್‌ನೋರು ಹಾರನ್ ಹೊಡೀತಿದ್ದರು, ನನಗೆ ಮಿಲ್ ಓಡಿದ್ರೆ ಸಾಕಿತ್ತು. ಲೋಡ್ ಇಲ್ಲದೆ ಎರಡು ನಿಮಿಷ ಓಡಿಸಿ ತೋರಿಸಿದ, ದುಡ್ಡು ಫೋನಲ್ಲಿ ಹಾಕಿಸ್ಕೊಂಡ, ಹೋದ.

ಬೆಳಗ್ಗೆ ಲೋಡ್ ಕೊಟ್ಟೆ. ಐದು ನಿಮಿಷ. ಟ್ರಿಪ್. ಅದೇ ಓವರ್ ಟೆಂಪರೇಚರ್.

ಫೋನ್ ಮಾಡಿದ್ರೆ ಮೊದಲು "ನಿಮ್ಮಲ್ಲಿ ವೋಲ್ಟೇಜ್ ಲೋ ಅಣ್ಣ". ಮಧ್ಯಾಹ್ನ "ಮೋಟರ್ ವೀಕ್ ಆಗಿದೆ, ರಿವೈಂಡ್ ಮಾಡ್ಸಿ, ನಮ್ಮ ಹುಡುಗನ್ನೇ ಕಳಿಸ್ತೀನಿ". ಸಂಜೆ "ಎಲೆಕ್ಟ್ರಾನಿಕ್ ಐಟಂಗೆ ಗ್ಯಾರಂಟಿ ಇರಲ್ಲ ಅಂತ ನಿನ್ನೇನೇ ಹೇಳಿದ್ನಲ್ಲ". ಯಾವಾಗ ಹೇಳಿದ? ಹೇಳೇ ಇಲ್ಲ!

ಮೂರನೇ ದಿನ ನಮ್ಮ ವೈರ್‌ಮನ್ ಪ್ರಸಾದದ ಡಬ್ಬಿ ಹಿಡ್ಕೊಂಡೇ ಬಂದರು. ಸ್ಟಾರ್ಟ್ ಒತ್ತಿಸಿ, ಪ್ಯಾನೆಲ್ ಪಕ್ಕ ಕಿವಿ ಕೊಟ್ಟು ನಿಂತರು. "ಗೌಡ್ರೆ, ಟಕ್ ಅನ್ಲಿಲ್ವಲ್ಲ." ಮೋಟರ್ ಫುಲ್ ಸ್ಪೀಡ್‌ಗೆ ಬಂದಾಗ ಬೈಪಾಸ್ ಕಾಂಟ್ಯಾಕ್ಟರ್ (ಎಸ್‌ಸಿಆರ್ ಬಿಟ್ಟು ಕರೆಂಟನ್ನ ನೇರ ಮೋಟರ್‌ಗೆ ಕೊಡೋ ಸ್ವಿಚ್) ಎಳೀಬೇಕು, ಆ ಸದ್ದೇ ಇಲ್ಲ. ಅದು ಎಳೀದೇ ಇದ್ರೆ ಲೋಡ್ ಪೂರ್ತಿ ಎಸ್‌ಸಿಆರ್ ಮೇಲೆ. 80 ಆಂಪ್ ಹತ್ತಿರ ಹೊತ್ಕೊಂಡು ಕೂತ್ರೆ ಕಾಯದೆ ಇನ್ನೇನು. ಮೇನ್ ಆಫ್ ಮಾಡಿ ವೈರ್ ಹೋಗೋ ಡಕ್ಟ್ ಮುಚ್ಚಳ ತೆಗೆದರು. ಕಾಂಟ್ಯಾಕ್ಟರ್ ಕಾಯಿಲ್‌ಗೆ ಹೋಗೋ ವೈರನ್ನ ಇಲಿ ಕಡಿದು ತುಂಡು ಮಾಡಿತ್ತು. ಪಕ್ಕದಲ್ಲೇ ಭತ್ತದ ಹೊಟ್ಟು, ಇಲಿ ಪಿಕ್ಕೆ. ಎರಡು ಅಡಿ ವೈರು, ಹತ್ತು ನಿಮಿಷದ ಕೆಲಸ. ಸ್ಟಾರ್ಟ್ ಒತ್ತಿದ್ವಿ, ಟಕ್ ಅಂತು. ಆವತ್ತು ರಾತ್ರಿ ಹತ್ತರವರೆಗೆ ಓಡ್ತು.

ಅಂದ್ರೆ ನಮ್ಮ ಹಳೇ ಸ್ಟಾರ್ಟರ್‌ಗೆ ಏನೂ ಆಗಿರಲಿಲ್ಲ. ಏನೂ!

ನಿಮ್ಮಲ್ಲಿ ಯಾರಾದರೂ ಬಂದು ಎಸ್‌ಸಿಆರ್ ಹೋಗಿದೆ ಅಂದ್ರೆ, ಸಪ್ಲೈ ಪೂರ್ತಿ ಆಫ್ ಮಾಡಿಸಿ ಪ್ರತಿ ಫೇಸ್‌ಗೂ ಇನ್‌ಪುಟ್-ಔಟ್‌ಪುಟ್ ನಡುವೆ ಓಮ್ಸ್ ನೋಡೋಕೆ ಹೇಳಿ. ಸೊನ್ನೆ ಹತ್ತಿರ ಬಂದ್ರೆ ಮಾತ್ರ ಶಾರ್ಟ್. ಆಗಲೂ ಬೈಪಾಸ್ ಕಾಂಟ್ಯಾಕ್ಟರ್ ಪಾಯಿಂಟ್ ಅಂಟ್ಕೊಂಡು ಸೊನ್ನೆ ತೋರಿಸ್ತಿಲ್ಲ ಅಂತ ನೋಡಿಸಿ. ಮೇನ್ ಆನ್ ಇದ್ದಾಗ ಔಟ್‌ಪುಟ್‌ಗೆ ಕೈ ಹಾಕಬೇಡಿ, ಆಫ್ ಅಂತ ತೋರಿಸಿದ್ರೂ ಶಾಕ್ ಹೊಡೆಯುತ್ತೆ. ಹಳೇದನ್ನ ಮಾತ್ರ ಯಾರ ಕೈಗೂ ಕೊಡಬೇಡಿ.

ನಮ್ಮದು ವಾಪಸ್ ಕೊಡು, 6 ಸಾವಿರ ಕೊಡ್ತೀನಿ ಅಂದೆ. "ಅದನ್ನ ಗುಜರಿಗೆ ಹಾಕ್ಬಿಟ್ಟೆ ಅಣ್ಣ" ಅಂದ. ಹಾಕಿರಲ್ಲ. ಕವರಿನ ಬಲಗಡೆ ನಮ್ಮ ಹುಡುಗ ಮಾರ್ಕರಲ್ಲಿ 'ಮೇನ್ 60' ಅಂತ ಬರೆದಿದ್ದಾನೆ, 'ಮೇ'ಗೆ ದೀರ್ಘ ಹಾಕೋದು ಮರೆತಿದ್ದಾನೆ. ಮಂಡ್ಯ, ಮೈಸೂರು ಕಡೆ ಯಾರಿಗಾದರೂ 'ಬಾಕ್ಸ್ ಮಾತ್ರ ಓಪನ್ ಆಗಿರೋ' ಆ ಪೀಸು ಬಂದ್ರೆ ನನಗೊಂದು ಮಾತು ತಿಳಿಸಿ.